ಅಲಿಬಾಬಾಗೆ ಬಿದ್ದ ದಂಡ, ನಾವು ಬರೆಯುವ ಕೋಡ್

2021ರ ಏಪ್ರಿಲ್ 10, ಶನಿವಾರ. ಚೀನಾದ ಮಾರುಕಟ್ಟೆ ನಿಯಂತ್ರಣ ಸಂಸ್ಥೆ ಅಲಿಬಾಬಾ ಕಂಪನಿಗೆ 1,822.8 ಕೋಟಿ ಯುವಾನ್ ದಂಡ ಹಾಕಿತು. ಅಂದಿನ ಲೆಕ್ಕದಲ್ಲಿ ಸುಮಾರು 280 ಕೋಟಿ ಡಾಲರ್, ನಮ್ಮ ರೂಪಾಯಿಯಲ್ಲಿ 20 ಸಾವಿರ ಕೋಟಿಗೂ ಮೇಲೆ. ಕಂಪನಿ 2019ರಲ್ಲಿ ಚೀನಾದೊಳಗೆ ಗಳಿಸಿದ ಆದಾಯದ ಶೇ 4ರಷ್ಟು ಮೊತ್ತ ಅದು. ತನಿಖೆ ಶುರುವಾಗಿದೆ ಎಂದು ಸಂಸ್ಥೆ ಪ್ರಕಟಿಸಿದ್ದು ಹಿಂದಿನ ಡಿಸೆಂಬರ್ 24ರಂದು. ಪ್ರಕಟಣೆಯಿಂದ ದಂಡದ ಆದೇಶದವರೆಗೆ ಹಿಡಿದದ್ದು 107 ದಿನ. ಕಂಪನಿ ಕೋರ್ಟಿಗೆ ಹೋಗಲಿಲ್ಲ, ಆದೇಶವನ್ನು ಒಪ್ಪಿದ್ದೇವೆ ಎಂದು ಬಹಿರಂಗವಾಗಿ ಹೇಳಿತು. ಸೋಮವಾರ ಹಾಂಗ್‌ಕಾಂಗ್ ಷೇರುಪೇಟೆ ತೆರೆದಾಗ ಅದರ ಷೇರು ಬೆಲೆ ಇಳಿಯುವ ಬದಲು ಏರಿತು. ‘ಇಷ್ಟಕ್ಕೇ ಮುಗಿಯಿತಲ್ಲ’ ಎಂಬ ನೆಮ್ಮದಿ ಹೂಡಿಕೆದಾರರದ್ದು.

ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್ ಮುಗಿಸಿದ ಮೇಲೆ ಹೆಚ್ಚು ವರ್ಷ ಕಳೆದದ್ದು ಆನ್‌ಲೈನ್ ಅಂಗಡಿಗಳ ಸರ್ಚ್ ವಿಭಾಗದಲ್ಲಿ. ನೀವು ‘ಮಿಕ್ಸರ್’ ಎಂದು ಟೈಪ್ ಮಾಡಿದರೆ ಯಾವ ಮಿಕ್ಸರ್ ಮೊದಲು ಕಾಣಬೇಕು, ಯಾವುದು ಮೂರನೇ ಪುಟಕ್ಕೆ ಹೋಗಬೇಕು ಎಂದು ತೀರ್ಮಾನಿಸುವ ಪ್ರೋಗ್ರಾಂ ಬರೆಯುವ ಕೆಲಸ. ಕಾನೂನು ನನ್ನ ಓದಲ್ಲ. ಆದರೂ ಆ ದಂಡದ ಆದೇಶದ ಅನುವಾದ ಕೈಗೆ ಸಿಕ್ಕಾಗ ಪೂರ್ತಿ ಓದಿದೆ. ಅದರಲ್ಲಿ ವಿವರಿಸಿದ್ದ ಅಪರಾಧದ ಸಲಕರಣೆಗಳೆಲ್ಲ ನನಗೆ ದಿನನಿತ್ಯದ ಪರಿಚಯದವು. ಅಂದಿನಿಂದ ಚೀನಾದ ಈ ಕಾಯ್ದೆಯ ಬೆಳವಣಿಗೆಗಳನ್ನು ಗಮನಿಸುತ್ತಾ ಬಂದಿದ್ದೇನೆ. ಹೊರನಾಡಿನಲ್ಲಿ ಕೂತು ಟೆಕ್ ಕಂಪನಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಇದು ದೂರದ ಸುದ್ದಿ ಅಲ್ಲ ಎನ್ನುವುದು ನನ್ನ ಅಭಿಪ್ರಾಯ.

ಇಬ್ಬರಲ್ಲಿ ಒಬ್ಬರನ್ನು ಆರಿಸು

ಅಲಿಬಾಬಾ ಮಾಡಿದ ತಪ್ಪಿಗೆ ಚೀನೀಯರು ಮೂರೇ ಅಕ್ಷರದ ಹೆಸರಿಟ್ಟಿದ್ದಾರೆ: ‘ಅರ್ ಶ್ವಾನ್ ಯೀ’. ಎರಡರಲ್ಲಿ ಒಂದು ಆರಿಸು ಎಂದು ಅರ್ಥ. ನಮ್ಮ ಜಾಲತಾಣದಲ್ಲಿ ಮಾರುವವನು ಎದುರಾಳಿಯ ಜಾಲತಾಣದಲ್ಲಿ ಅಂಗಡಿ ಇಡಬಾರದು, ಅಲ್ಲಿನ ರಿಯಾಯಿತಿ ಮಾರಾಟದಲ್ಲಿ ಭಾಗವಹಿಸಬಾರದು ಎಂಬ ಒತ್ತಡ.

ಈ ಮಾತು ಚೀನಾದ ಇಂಟರ್ನೆಟ್‌ಗೆ ಹಳೆಯದು. 2010ರ ನವೆಂಬರ್‌ನಲ್ಲಿ ಟೆನ್ಸೆಂಟ್ ಕಂಪನಿ ತನ್ನ ಕ್ಯೂಕ್ಯೂ ಮೆಸೆಂಜರ್ ಬಳಸುವವರಿಗೆ ಒಂದು ಸೂಚನೆ ಕೊಟ್ಟಿತು. ಕಂಪ್ಯೂಟರಿನಲ್ಲಿ ಚಿಹೂ ಕಂಪನಿಯ ‘360’ ಆ್ಯಂಟಿವೈರಸ್ ಇದ್ದರೆ ಕ್ಯೂಕ್ಯೂ ಕೆಲಸ ಮಾಡುವುದಿಲ್ಲ, ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ ಎಂದು. ಚಿಹೂ ಕೋರ್ಟಿಗೆ ಹೋಯಿತು. 2014ರಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯ, ಟೆನ್ಸೆಂಟ್‌ಗೆ ಮಾರುಕಟ್ಟೆಯ ಮೇಲೆ ಯಜಮಾನಿಕೆ ಇದೆ ಎನ್ನಲಾಗದು ಎಂದು ಚಿಹೂವಿನ ಮೇಲ್ಮನವಿ ವಜಾ ಮಾಡಿತು. ದೊಡ್ಡ ಪ್ಲಾಟ್‌ಫಾರ್ಮ್‌ಗಳಿಗೆ ಅದು ಧೈರ್ಯ ಕೊಟ್ಟ ತೀರ್ಪು. ಮುಂದಿನ ಕೆಲವು ವರ್ಷ ಅವು ಕಾಯ್ದೆಗೆ ಹೆದರಿದ್ದು ಅಷ್ಟಕ್ಕಷ್ಟೇ.

ಅಲಿಬಾಬಾ ಆದೇಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒತ್ತಡ ಹೇರಿದ ರೀತಿ. ಮಾತು ಕೇಳದ ಮಾರಾಟಗಾರರಿಗೆ ಪ್ರಚಾರದ ಜಾಗ ಕಡಿಮೆಯಾಯಿತು, ದೊಡ್ಡ ರಿಯಾಯಿತಿ ಮಾರಾಟಗಳಿಂದ ಕೆಲವರನ್ನು ಕೈಬಿಡಲಾಯಿತು, ಸರ್ಚ್‌ನಲ್ಲಿ ಅವರ ಸ್ಥಾನ ಕೆಳಗಿಳಿಯಿತು. ಡೇಟಾ ಮತ್ತು ಅಲ್ಗಾರಿದಂಗಳನ್ನೇ ಬೆತ್ತವಾಗಿ ಬಳಸಲಾಗಿದೆ ಎಂದು ಆದೇಶ ಹೇಳುತ್ತದೆ.

ಸರ್ಚ್‌ನಲ್ಲಿ ಕೆಳಗಿಳಿಸುವುದು ಎಂದರೇನು ಎಂದು ಸರಳವಾಗಿ ಹೇಳುತ್ತೇನೆ. ಪ್ರತಿ ವಸ್ತುವಿಗೂ ಒಂದು ಅಂಕ ಇರುತ್ತದೆ. ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಜನ ಕೊಂಡರು, ಎಷ್ಟು ಜನ ವಾಪಸ್ ಮಾಡಿದರು, ಎಷ್ಟು ಬೇಗ ತಲುಪುತ್ತದೆ, ಇವೆಲ್ಲ ಸೇರಿ ಆ ಅಂಕ. ಕೊನೆಯಲ್ಲಿ ಅದನ್ನು ಒಂದು ಸಂಖ್ಯೆಯಿಂದ ಗುಣಿಸುವ ಅವಕಾಶವೂ ಇಟ್ಟಿರುತ್ತಾರೆ. ನಕಲಿ ಮಾಲು ಮಾರುವವನನ್ನು ಕೆಳಗೆ ತಳ್ಳಲು ಅದು ಬೇಕೇ ಬೇಕು. ಆ ಗುಣಕ 1 ಇದ್ದರೆ ಏನೂ ಆಗುವುದಿಲ್ಲ. 0.3 ಮಾಡಿದರೆ ಅಂಗಡಿ ಮುಚ್ಚುವುದಿಲ್ಲ, ಯಾರೂ ನೋಟಿಸ್ ಕೊಡುವುದಿಲ್ಲ, ಗಿರಾಕಿಯ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಮಾರಾಟಗಾರನಿಗೆ ಕಾಣುವುದು ‘ಈ ತಿಂಗಳು ಯಾಕೋ ವ್ಯಾಪಾರ ಡಲ್’ ಎಂಬಷ್ಟೇ. ಹಳೆಯ ಕಾಲದ ಸಗಟು ವ್ಯಾಪಾರಿ ‘ಅವನಿಗೆ ಮಾಲು ಕೊಟ್ಟರೆ ನನ್ನ ಹತ್ತಿರ ಬರಬೇಡ’ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಸಾಕ್ಷಿ ಇರುತ್ತಿತ್ತು. ಈಗ ಅದೇ ಮಾತು ಒಂದು ದಶಮಾಂಶದಲ್ಲಿ ಅಡಗುತ್ತದೆ.

ಶೆಟ್ರ ಲೆಕ್ಕ

ಪುಣೆಯಲ್ಲಿ ನಾನು ಆಗಾಗ ಹೋಗುವ ಉಡುಪಿ ಹೋಟೆಲಿನ ಶೆಟ್ರಿಗೆ ಇದನ್ನು ಒಮ್ಮೆ ವಿವರಿಸಿದೆ. ಅವರು ಕುಂದಾಪುರ ಕಡೆಯವರು, ತಂದೆಯ ಕಾಲದಿಂದ ಇಲ್ಲಿದ್ದಾರೆ. ಪೂರ್ತಿ ಕೇಳಿಸಿಕೊಂಡು ನಕ್ಕರು.

‘ಇದನ್ನು ಅರ್ಥ ಮಾಡಿಕೊಳ್ಳಲು ಚೀನಾಕ್ಕೆ ಹೋಗಬೇಕಾ ಮಾರಾಯ್ರೆ? ಒಂದು ಆ್ಯಪಿನವರು ನನ್ನ ಹತ್ತಿರವೇ ಬಂದಿದ್ದರು. ನಮ್ಮಲ್ಲಿ ಮಾತ್ರ ಇರಿ, ಕಮಿಷನ್ ಕಮ್ಮಿ ಮಾಡ್ತೇವೆ ಅಂದರು. ನಾನು ಆಗೋದಿಲ್ಲ ಅಂದೆ. ಆಮೇಲೆ ಆರ್ಡರ್ ಇಳಿಯಿತು. ಅವರೇ ಇಳಿಸಿದ್ದೋ, ಪಕ್ಕದಲ್ಲಿ ಹೊಸ ಹೋಟೆಲ್ ಬಂದದ್ದಕ್ಕೋ, ನನಗೆ ಹೇಗೆ ಗೊತ್ತಾಗಬೇಕು? ಕೇಳಿದರೆ ಸಿಸ್ಟಮ್ ಮಾಡ್ತದೆ ಅಂತಾರೆ.’

‘ಸಿಸ್ಟಮ್ ಮಾಡ್ತದೆ’ ಎಂಬ ಆ ಉತ್ತರಕ್ಕೆ ನನ್ನ ಹತ್ತಿರವೂ ಮಾತಿರಲಿಲ್ಲ. ಸಿಸ್ಟಮ್ ಎಂದರೆ ನನ್ನಂಥ ಯಾರೋ ಒಬ್ಬ.

ಶೆಟ್ರು ಹೇಳಿದ್ದಕ್ಕೆ ಹತ್ತಿರದ ಪ್ರಕರಣ ಚೀನಾದ ಊಟ ತಲುಪಿಸುವ ಕಂಪನಿ ಮೈತ್ವಾನ್‌ನದ್ದು. 2021ರ ಅಕ್ಟೋಬರ್ 8ರಂದು ಅದಕ್ಕೆ 344.2 ಕೋಟಿ ಯುವಾನ್ ದಂಡ ಬಿತ್ತು. ಹಿಂದಿನ ವರ್ಷದ ದೇಶೀಯ ಆದಾಯದ ಶೇ 3. ‘ನಿಮ್ಮನ್ನು ಬಿಟ್ಟು ಬೇರೆಲ್ಲೂ ಇರುವುದಿಲ್ಲ’ ಎಂಬ ಖಾತರಿಗಾಗಿ ಅದು ಹೋಟೆಲಿನವರಿಂದ ಠೇವಣಿ ಕಟ್ಟಿಸಿಕೊಂಡಿತ್ತು. ಆ 128.9 ಕೋಟಿ ಯುವಾನ್ ಠೇವಣಿಯನ್ನು ವಾಪಸ್ ಕೊಡಬೇಕು ಎಂದೂ ಆದೇಶವಾಯಿತು. ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. ಠೇವಣಿ ಮಾತ್ರ ನಷ್ಟಕ್ಕೊಳಗಾದವನ ಕೈಗೇ ಬರುತ್ತದೆ. ಹೋಟೆಲಿನವನಿಗೆ ಮುಖ್ಯವಾದದ್ದು ಇದು.

ಸ್ವಂತ ಲೇಖನಕ್ಕೆ ದುಡ್ಡು

ಎಂ.ಟೆಕ್ ಓದಿದ ಯಾರಿಗೂ ತಟ್ಟುವ ಇನ್ನೊಂದು ಪ್ರಕರಣ ಇದೆ. ಚೀನಾದ ವಿದ್ಯಾರ್ಥಿಗಳು, ಸಂಶೋಧಕರು ಲೇಖನ ಹುಡುಕುವುದು ಹೆಚ್ಚಾಗಿ ಸಿಎನ್‌ಕೆಐ ಎಂಬ ಭಂಡಾರದಲ್ಲಿ. ಪ್ರಬಂಧದಲ್ಲಿ ಕೃತಿಚೌರ್ಯ ಇದೆಯೇ ಎಂದು ವಿಶ್ವವಿದ್ಯಾಲಯಗಳು ಪರೀಕ್ಷಿಸುವುದೂ ಅದರಲ್ಲೇ. ಝಾವ್ ದೆಶಿನ್ ಎಂಬ ನಿವೃತ್ತ ಅರ್ಥಶಾಸ್ತ್ರ ಪ್ರಾಧ್ಯಾಪಕರ ನೂರಕ್ಕೂ ಹೆಚ್ಚು ಲೇಖನಗಳನ್ನು ಅದು ಅನುಮತಿ ಇಲ್ಲದೆ ಸೇರಿಸಿಕೊಂಡಿತ್ತು. ಅವರು ಬರೆದದ್ದನ್ನು ಅವರೇ ದುಡ್ಡು ಕೊಟ್ಟು ಇಳಿಸಿಕೊಳ್ಳಬೇಕಿತ್ತು. ಇಳಿವಯಸ್ಸಿನಲ್ಲಿ ಅವರು ಕೋರ್ಟಿಗೆ ಹೋಗಿ ಗೆದ್ದರು. 7 ಲಕ್ಷ ಯುವಾನ್‌ಗೂ ಹೆಚ್ಚು ಪರಿಹಾರ ಸಿಕ್ಕಿದ ಸುದ್ದಿ 2021ರ ಡಿಸೆಂಬರ್‌ನಲ್ಲಿ ಚೀನಾದ ತುಂಬಾ ಹರಡಿತು.

ಅದು ಕೃತಿಸ್ವಾಮ್ಯದ ಮೊಕದ್ದಮೆ. ಆದರೆ ಜನರ ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ. ಒಂದೇ ಭಂಡಾರಕ್ಕೆ ಇಷ್ಟು ಅಧಿಕಾರ ಹೇಗೆ ಬಂತು ಎಂಬ ಪ್ರಶ್ನೆ ಎದ್ದಿತು. 2022ರ ಮೇನಲ್ಲಿ ಏಕಸ್ವಾಮ್ಯದ ತನಿಖೆ ಶುರುವಾಯಿತು. ಪತ್ರಿಕೆಗಳು ಮತ್ತು ವಿಶ್ವವಿದ್ಯಾಲಯಗಳೊಂದಿಗೆ ‘ನಮಗೊಬ್ಬರಿಗೇ ಕೊಡಿ’ ಎಂಬ ಒಪ್ಪಂದ, ಭಂಡಾರವನ್ನು ತುಂಡು ತುಂಡಾಗಿ ಮಾಡಿ ಬೆಲೆ ಏರಿಸುವುದು, ಈ ಎರಡೂ ಸಾಬೀತಾದವು. ವರ್ಷದ ಕೊನೆಗೆ 8.76 ಕೋಟಿ ಯುವಾನ್ ದಂಡ ಬಿತ್ತು. ಅಲಿಬಾಬಾದ ಮುಂದೆ ಇದು ಚಿಲ್ಲರೆ ಹಣ. ಆದರೆ ಆದಾಯದ ಶೇ 5 ಎನ್ನುವ ಲೆಕ್ಕದಲ್ಲಿ ಅದಕ್ಕಿಂತ ಬಿಗಿ.

ಕಾಯ್ದೆ ಬೆಳೆದ ಬಗೆ

ಚೀನಾ ಏಕಸ್ವಾಮ್ಯ ವಿರೋಧಿ ಕಾಯ್ದೆ ಮಾಡಿದ್ದು 2007ರಲ್ಲಿ, ಜಾರಿಗೆ ಬಂದದ್ದು 2008ರ ಆಗಸ್ಟ್ 1ರಂದು. ಮೊದಲ ಹತ್ತು ವರ್ಷ ಮೂರು ಇಲಾಖೆಗಳು ಹಂಚಿಕೊಂಡು ನಡೆಸುತ್ತಿದ್ದವು. ವಿಲೀನ ಒಬ್ಬರಿಗೆ, ಬೆಲೆಯ ವಿಚಾರ ಇನ್ನೊಬ್ಬರಿಗೆ, ಉಳಿದದ್ದು ಮತ್ತೊಬ್ಬರಿಗೆ. 2018ರಲ್ಲಿ ಮೂರನ್ನೂ ಎಸ್‌ಎಎಂಆರ್ ಎಂಬ ಒಂದೇ ಸಂಸ್ಥೆಯೊಳಗೆ ತಂದರು. 2021ರ ನವೆಂಬರ್‌ನಲ್ಲಿ ಏಕಸ್ವಾಮ್ಯಕ್ಕಾಗಿಯೇ ಪ್ರತ್ಯೇಕ ರಾಷ್ಟ್ರೀಯ ಬ್ಯೂರೊ ಆಯಿತು.

2022ರ ಆಗಸ್ಟ್ 1ರಿಂದ ತಿದ್ದುಪಡಿಯಾದ ಕಾಯ್ದೆ ಜಾರಿಯಲ್ಲಿದೆ. ಹದಿನಾಲ್ಕು ವರ್ಷದಲ್ಲಿ ಇದೇ ಮೊದಲ ತಿದ್ದುಪಡಿ. ಡೇಟಾ, ಅಲ್ಗಾರಿದಂ, ತಂತ್ರಜ್ಞಾನ, ಬಂಡವಾಳದ ಬಲ ಮತ್ತು ಪ್ಲಾಟ್‌ಫಾರ್ಮ್ ನಿಯಮಗಳನ್ನು ಬಳಸಿ ಏಕಸ್ವಾಮ್ಯ ನಡೆಸಬಾರದು ಎಂದು ಅದರ 9ನೇ ಕಲಂ ಹೇಳುತ್ತದೆ. ಕೋಡ್ ಬರೆಯುವವರು ಓದಬೇಕಾದ ಕಲಂ ಇದು. ಹೇಳದೆ ಕೇಳದೆ ಕಂಪನಿ ಕೊಂಡರೆ ಮೊದಲು ಗರಿಷ್ಠ ದಂಡ 5 ಲಕ್ಷ ಯುವಾನ್ ಮಾತ್ರ ಇತ್ತು. 2020ರ ಡಿಸೆಂಬರ್‌ನಲ್ಲಿ ಅಲಿಬಾಬಾಗೂ ಟೆನ್ಸೆಂಟ್‌ನ ಒಂದು ಅಂಗಸಂಸ್ಥೆಗೂ ಬಿದ್ದದ್ದು ಅಷ್ಟೇ. ಅಂಥ ಕಂಪನಿಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಈಗ ಸ್ಪರ್ಧೆಗೆ ಧಕ್ಕೆ ಆಗದಿದ್ದರೂ 50 ಲಕ್ಷದವರೆಗೆ, ಆದರೆ ವಾರ್ಷಿಕ ಆದಾಯದ ಶೇ 10ರವರೆಗೆ ದಂಡ ಹಾಕಬಹುದು.

ಖಾಸಗಿ ದಾವೆಗಳಿಗೂ ಬಲ ಬಂದಿದೆ. ‘ಎರಡರಲ್ಲಿ ಒಂದು’ ಒತ್ತಡದ ವಿರುದ್ಧ ಜೆಡಿ ಡಾಟ್ ಕಾಮ್ ಹೂಡಿದ್ದ ಮೊಕದ್ದಮೆಯಲ್ಲಿ ಅಲಿಬಾಬಾ 100 ಕೋಟಿ ಯುವಾನ್ ಪರಿಹಾರ ಕೊಡಬೇಕು ಎಂದು ಬೀಜಿಂಗ್‌ನ ಉನ್ನತ ನ್ಯಾಯಾಲಯ 2023ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅಲಿಬಾಬಾಗೆ ವಿಧಿಸಿದ್ದ ಮೂರು ವರ್ಷದ ಸುಧಾರಣಾ ಅವಧಿ ಮುಗಿದಿದೆ ಎಂದು ಎಸ್‌ಎಎಂಆರ್ 2024ರ ಆಗಸ್ಟ್ 30ರಂದು ಪ್ರಕಟಿಸಿತು.

ಗಾಳಿ ಬದಲಾದಾಗ

ಇಷ್ಟು ಓದಿದರೆ ಎಲ್ಲವೂ ಚೆನ್ನಾಗಿಯೇ ಇದೆ ಅನ್ನಿಸಬಹುದು. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಷ್ಟು ಸರಳ ಅಲ್ಲ.

2020ರ ಅಕ್ಟೋಬರ್ 24ರಂದು ಅಲಿಬಾಬಾದ ಸ್ಥಾಪಕ ಜ್ಯಾಕ್ ಮಾ ಶಾಂಘೈನ ಸಭೆಯೊಂದರಲ್ಲಿ ಚೀನಾದ ಬ್ಯಾಂಕ್ ವ್ಯವಸ್ಥೆ ಮತ್ತು ನಿಯಂತ್ರಕರನ್ನು ಟೀಕಿಸಿದರು. ನವೆಂಬರ್ 3ರಂದು ಅವರ ಆ್ಯಂಟ್ ಗ್ರೂಪ್‌ನ ಷೇರು ಬಿಡುಗಡೆ ನಿಂತಿತು. ಜಗತ್ತಿನಲ್ಲೇ ಅತಿ ದೊಡ್ಡದಾಗಬೇಕಿದ್ದ ಬಿಡುಗಡೆಗೆ ಉಳಿದಿದ್ದದ್ದು ಎರಡೇ ದಿನ. ಡಿಸೆಂಬರ್ 24ಕ್ಕೆ ಏಕಸ್ವಾಮ್ಯ ತನಿಖೆ. ‘ಎರಡರಲ್ಲಿ ಒಂದು’ ಒತ್ತಡದ ದೂರುಗಳು ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲಿನವು. ಕಾಯ್ದೆಯೂ ಇತ್ತು, ದೂರೂ ಇತ್ತು. ಮೇಲಿನಿಂದ ಸನ್ನೆ ಬಂದದ್ದು ಆಗ.

ಈಗ ಗಾಳಿ ಇನ್ನೊಂದು ಕಡೆಗೆ. 2025ರ ಫೆಬ್ರುವರಿಯಲ್ಲಿ ಜೆಡಿ ಊಟ ತಲುಪಿಸುವ ವ್ಯಾಪಾರಕ್ಕೆ ಇಳಿಯಿತು. ಮೈತ್ವಾನ್, ಅಲಿಬಾಬಾ ಎರಡೂ ರಿಯಾಯಿತಿಯ ಸುರಿಮಳೆ ಸುರಿಸಿ ಎದುರಿಸಿದವು. ಏಕಸ್ವಾಮ್ಯ ಮುರಿದು ಸ್ಪರ್ಧೆ ಬಂತಲ್ಲ, ಒಳ್ಳೆಯದೇ ಆಯಿತು ಎನ್ನಬೇಕೇ? ಸರ್ಕಾರಕ್ಕೆ ಹಾಗೆ ಅನ್ನಿಸಲಿಲ್ಲ. ಮೇನಲ್ಲಿ ಒಮ್ಮೆ, ಜುಲೈನಲ್ಲಿ ಮತ್ತೊಮ್ಮೆ ಕಂಪನಿಗಳನ್ನು ಕರೆಸಿ ಬುದ್ಧಿ ಹೇಳಿತು. ಎಲ್ಲರೂ ಬೆಲೆ ಇಳಿಸಿ ಎಲ್ಲರೂ ಸೊರಗುವ ಈ ಪೈಪೋಟಿಗೆ ಚೀನಾದಲ್ಲಿ ‘ನೇಜುವಾನ್’ ಎನ್ನುತ್ತಾರೆ. ಒಳಗೊಳಗೇ ಸುತ್ತಿಕೊಳ್ಳುವುದು ಎಂದು ಅರ್ಥ. 2025ರ ಅಕ್ಟೋಬರ್ 15ರಿಂದ ಜಾರಿಗೆ ಬಂದ ಅನುಚಿತ ಸ್ಪರ್ಧೆ ವಿರೋಧಿ ಕಾಯ್ದೆಯ ತಿದ್ದುಪಡಿ, ಮಾರಾಟಗಾರರು ಅಸಲಿಗಿಂತ ಕಡಿಮೆಗೆ ಮಾರಲೇಬೇಕೆಂದು ಪ್ಲಾಟ್‌ಫಾರ್ಮ್‌ಗಳು ಬಲವಂತ ಮಾಡುವುದನ್ನು ನಿಷೇಧಿಸುತ್ತದೆ. ಹೋಟೆಲಿನವನ ದೃಷ್ಟಿಯಿಂದ ಇದು ಸರಿಯೇ. ರಿಯಾಯಿತಿಯ ಹೊರೆ ಕೊನೆಗೆ ಬೀಳುವುದು ಅವನ ತಲೆಯ ಮೇಲೆಯೇ. ಆದರೆ ಐದು ವರ್ಷದೊಳಗೆ ‘ಸ್ಪರ್ಧೆ ಸಾಲದು’ ಎಂದವರೇ ‘ಸ್ಪರ್ಧೆ ಅತಿಯಾಯಿತು’ ಎಂದಾಗ, ಗೆರೆ ಎಲ್ಲಿದೆ ಎಂದು ಮೊದಲೇ ತಿಳಿಯುವುದು ಕಂಪನಿಗಳಿಗೆ ಕಷ್ಟ.

ಚಿಪ್‌ಗಳ ನಡುವೆ ಕಾಯ್ದೆ

ಹೈದರಾಬಾದ್, ಚೆನ್ನೈ, ಪುಣೆಯ ಸೆಮಿಕಂಡಕ್ಟರ್ ಕಂಪನಿಗಳಲ್ಲಿರುವ ಓದುಗರಿಗೆ ಮುಂದಿನದು ಇನ್ನೂ ಹತ್ತಿರದ್ದು. ಎರಡು ವಿದೇಶಿ ಕಂಪನಿಗಳು ಒಂದಾಗಬೇಕಾದರೂ ಚೀನಾದಲ್ಲಿ ಅವುಗಳ ವಹಿವಾಟು ನಿಗದಿತ ಮಿತಿ ದಾಟಿದ್ದರೆ ಬೀಜಿಂಗ್‌ನ ಒಪ್ಪಿಗೆ ಬೇಕು. 2024ರ ಜನವರಿಯಿಂದ ಆ ಮಿತಿ, ಎರಡೂ ಸೇರಿ 400 ಕೋಟಿ ಯುವಾನ್, ತಲಾ 80 ಕೋಟಿ ಯುವಾನ್. ಹಲವು ದೊಡ್ಡ ಚಿಪ್ ಕಂಪನಿಗಳಿಗೆ ಚೀನಾ ದೊಡ್ಡ ಗಿರಾಕಿ.

2018ರಲ್ಲಿ ಕ್ವಾಲ್‌ಕಾಮ್ 4,400 ಕೋಟಿ ಡಾಲರ್‌ಗೆ ಎನ್‌ಎಕ್ಸ್‌ಪಿ ಕೊಳ್ಳುವ ಯೋಜನೆ ಕೈಬಿಟ್ಟದ್ದು, 2023ರಲ್ಲಿ ಇಂಟೆಲ್ ಇಸ್ರೇಲಿನ ಟವರ್ ಕಂಪನಿಯ ಖರೀದಿ ಕೈಬಿಟ್ಟದ್ದು, ಎರಡೂ ಚೀನಾದ ಒಪ್ಪಿಗೆ ಗಡುವಿನೊಳಗೆ ಬರಲಿಲ್ಲ ಎಂದು. ‘ಬೇಡ’ ಎಂಬ ಆದೇಶ ಬರಲೇ ಇಲ್ಲ, ‘ಆಯಿತು’ ಎಂಬುದೂ ಬರಲಿಲ್ಲ. ಸಿನಾಪ್ಸಿಸ್ 3,500 ಕೋಟಿ ಡಾಲರ್‌ಗೆ ಅನ್ಸಿಸ್ ಕೊಳ್ಳುವುದಾಗಿ 2024ರ ಜನವರಿಯಲ್ಲಿ ಹೇಳಿತ್ತು. ಕೊನೆಯದಾಗಿ ಉಳಿದ ಚೀನಾದ ಷರತ್ತುಬದ್ಧ ಒಪ್ಪಿಗೆ ಬಂದದ್ದು 2025ರ ಜುಲೈನಲ್ಲಿ. ಅನ್ಸಿಸ್‌ಗೆ ಪುಣೆಯಲ್ಲಿ, ಸಿನಾಪ್ಸಿಸ್‌ಗೆ ಬೆಂಗಳೂರು, ಹೈದರಾಬಾದ್‌ನಲ್ಲಿ ದೊಡ್ಡ ಕಚೇರಿಗಳಿವೆ. ನಮ್ಮವರ ಐಡಿ ಕಾರ್ಡಿನ ಮೇಲಿನ ಹೆಸರು ಬದಲಾಗುವುದಕ್ಕೂ ಬೀಜಿಂಗ್‌ನ ಮೊಹರು ಬೇಕಾಯಿತು.

ಎನ್ವಿಡಿಯಾದ ಪ್ರಕರಣ ಇನ್ನೂ ಸಿಕ್ಕು. ಮೆಲನಾಕ್ಸ್ ಖರೀದಿಗೆ 2020ರಲ್ಲಿ ಒಪ್ಪಿಗೆ ಕೊಡುವಾಗ ಚೀನಾ, ತನ್ನ ಮಾರುಕಟ್ಟೆಗೆ ತಾರತಮ್ಯವಿಲ್ಲದೆ ಸರಕು ಪೂರೈಸಬೇಕು ಎಂದು ಷರತ್ತು ಹಾಕಿತ್ತು. 2022ರಿಂದ ಅಮೆರಿಕ, ಅತ್ಯಾಧುನಿಕ ಚಿಪ್ ಚೀನಾಕ್ಕೆ ಮಾರಬೇಡ ಎಂದಿತು. 2024ರ ಡಿಸೆಂಬರ್‌ನಲ್ಲಿ ಚೀನಾ ತನಿಖೆ ಶುರುಮಾಡಿತು. 2025ರ ಸೆಪ್ಟೆಂಬರ್ 15ರಂದು, ಮ್ಯಾಡ್ರಿಡ್‌ನಲ್ಲಿ ಎರಡೂ ದೇಶಗಳ ವ್ಯಾಪಾರ ಮಾತುಕತೆ ನಡೆಯುತ್ತಿರುವಾಗಲೇ, ಕಾಯ್ದೆ ಉಲ್ಲಂಘನೆ ಮೇಲ್ನೋಟಕ್ಕೆ ಕಂಡಿದೆ ಎಂದು ಪ್ರಕಟಿಸಿತು. ಅಕ್ಟೋಬರ್ 10ರಂದು ಕ್ವಾಲ್‌ಕಾಮ್ ಮೇಲೆ ಆಟೊಟಾಕ್ಸ್ ಖರೀದಿಯ ತನಿಖೆ. ಆ ತಿಂಗಳ ಕೊನೆಗೆ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ, ಅಮೆರಿಕದ ಚಿಪ್ ಕಂಪನಿಗಳ ಮೇಲಿನ ಇಂಥ ತನಿಖೆಗಳನ್ನು ಚೀನಾ ಕೊನೆಗೊಳಿಸಲಿದೆ ಎಂದು ಶ್ವೇತಭವನ ಹೇಳಿತು. ಮಾತುಕತೆಯ ಮೇಜಿನ ಮೇಲೆ ಇಡಬಹುದಾದ, ತೆಗೆಯಬಹುದಾದ ವಸ್ತುವಾದರೆ ಅದು ನ್ಯಾಯದ ತನಿಖೆಯೋ ಚೌಕಾಸಿಯ ದಾಳವೋ ಎಂಬ ಅನುಮಾನ ಬಾರದೆ ಇರುತ್ತದೆಯೇ?

107 ದಿನ, ಐದು ವರ್ಷ

ಹಾಗಾದರೆ ನಾವೇ ವಾಸಿಯೇ? ನಮ್ಮ ಸ್ಪರ್ಧಾ ಆಯೋಗ, ಅಂದರೆ ಸಿಸಿಐ, ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕೆಲವೇ ಮಾರಾಟಗಾರರಿಗೆ ಅನುಕೂಲ ಮಾಡುತ್ತಿವೆ ಎಂಬ ದೆಹಲಿ ವ್ಯಾಪಾರಿಗಳ ದೂರಿನ ಮೇಲೆ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. 2021ರ ಜೂನ್‌ನಲ್ಲಿ ಕಂಪನಿಗಳ ಅರ್ಜಿ ವಜಾ ಆಯಿತು. 2024ರಲ್ಲಿ ತನಿಖಾ ವರದಿ ಸಿದ್ಧವಾಯಿತು. ಅಷ್ಟರಲ್ಲಿ ಬೇರೆ ಬೇರೆ ಹೈಕೋರ್ಟ್‌ಗಳಲ್ಲಿ ಮಾರಾಟಗಾರರ ಅರ್ಜಿಗಳು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಕರ್ನಾಟಕ ಹೈಕೋರ್ಟಿಗೆ ಕಳಿಸಿತು. ಐದು ವರ್ಷ ಸುತ್ತಿ ವ್ಯಾಜ್ಯ ಬೆಂಗಳೂರಿಗೇ ಬಂದು ನಿಂತಿತು. ಊಟದ ಆ್ಯಪ್‌ಗಳ ಬಗ್ಗೆ ಹೋಟೆಲ್ ಮಾಲೀಕರ ರಾಷ್ಟ್ರೀಯ ಸಂಘ ಕೊಟ್ಟ ದೂರಿನ ಮೇಲೆ ಸಿಸಿಐ ತನಿಖೆಗೆ ಆದೇಶಿಸಿದ್ದು 2022ರ ಏಪ್ರಿಲ್‌ನಲ್ಲಿ.

ಚೀನಾದಲ್ಲಿ 107 ದಿನಕ್ಕೆ ದಂಡ, ಆದರೆ ಆದೇಶ ಸರಿಯೇ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ನಮ್ಮಲ್ಲಿ ಪ್ರತಿ ಹೆಜ್ಜೆಯನ್ನೂ ಪ್ರಶ್ನಿಸಬಹುದು, ಆದರೆ ಉತ್ತರ ಬರುವಷ್ಟರಲ್ಲಿ ದೂರು ಕೊಟ್ಟವನ ಅಂಗಡಿ ಉಳಿದಿರುತ್ತದೆಯೇ ಎಂಬ ಖಾತರಿ ಇಲ್ಲ. ಎರಡರಲ್ಲಿ ಆರಿಸು ಎಂದರೆ ನಾನು ನಮ್ಮದನ್ನೇ ಆರಿಸುತ್ತೇನೆ. ಕೇಳುವ ಹಕ್ಕು ಒಮ್ಮೆ ಹೋದರೆ ಮರಳಿ ಬರುವುದು ಕಷ್ಟ, ವೇಗವನ್ನು ನಿಧಾನವಾಗಿಯಾದರೂ ಗಳಿಸಿಕೊಳ್ಳಬಹುದು. ಆದರೆ ನಿಧಾನವನ್ನೇ ನ್ಯಾಯ ಎಂದು ಕರೆದು ಶೆಟ್ರಂಥವರಿಗೆ ಕಾಯಿರಿ ಎನ್ನುವುದೂ ಸುಲಭದ ಮಾತಲ್ಲ.

ಈ ಮಧ್ಯೆ ನಾವು ಮಾಡಬಹುದಾದ ಒಂದು ಸಣ್ಣ ಕೆಲಸ ಇದೆ. ತನಿಖೆ ಯಾವ ದೇಶದ್ದಾದರೂ ಕೊನೆಗೆ ಕೇಳುವ ಪ್ರಶ್ನೆ ಒಂದೇ: ಈ ಅಂಗಡಿಯ ಅಂಕ ಯಾಕೆ ಕಡಿಮೆಯಾಯಿತು, ಯಾರು ಹೇಳಿದ್ದು? ನಮ್ಮ ತಂಡದಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಯಾವುದೇ ಮಾರಾಟಗಾರನ ಗುಣಕ ಬದಲಿಸಬೇಕಾದರೆ ಕಾರಣವನ್ನು ಟಿಕೆಟ್‌ನಲ್ಲಿ ಪೂರ್ಣ ವಾಕ್ಯದಲ್ಲಿ ಬರೆಯಬೇಕು, ಕೇಳಿದವರ ಹೆಸರೂ ಇರಬೇಕು. ‘ಬಿಸಿನೆಸ್ ಹೇಳಿತು’ ಎಂದಷ್ಟೇ ಬರೆದರೆ ಕೋಡ್ ಮುಂದಕ್ಕೆ ಹೋಗುವುದಿಲ್ಲ. ‘ನಕಲಿ ಮಾಲಿನ ದೂರು ಬಂದಿದೆ’ ಎಂದು ಬರೆಯಲು ಯಾರೂ ಹಿಂಜರಿಯುವುದಿಲ್ಲ. ಬರೆಯಲು ಹಿಂಜರಿಯುವಂಥ ಕಾರಣವಾದರೆ, ಆ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ.